ಹಳೇ ಶೆವಿಗೆ ಬೇರೆ ಗೇರ್‌ಬಾಕ್ಸ್: ಆಟೊಮ್ಯಾಟಿಕ್ ಆರಿಸುವುದು, ಇಳಿಸುವುದು, ಏರಿಸುವುದು

ನನ್ನ ಹತ್ತಿರ 1972ರ ಶೆವ್ರೊಲೆ (ಶೆವಿ) ನೋವಾ ಇದೆ. 350 ಕ್ಯೂಬಿಕ್ ಇಂಚಿನ ವಿ8 ಎಂಜಿನ್, ಮೂರು ಗೇರಿನ ಟರ್ಬೊ 350 ಆಟೊಮ್ಯಾಟಿಕ್. ನನಗೆ ಮಾರಿದವನು ಹಿಂದಿನ ಆಕ್ಸಲ್‌ಗೆ 3.73 ಗೇರ್ (ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ 3.73 ಸುತ್ತು) ಹಾಕಿಸಿದ್ದ. ಸಿಗ್ನಲ್ ಬಿಟ್ಟ ಕೂಡಲೇ ಕಾರು ಜಿಗಿಯುತ್ತಿತ್ತು, ಖುಷಿಯಾಗುತ್ತಿತ್ತು. ಆದರೆ ಡೆಟ್ರಾಯಿಟ್ ದಾಟಿ ಹೈವೇ ಹತ್ತಿದರೆ 70 ಮೈಲಿ ವೇಗಕ್ಕೇ ಎಂಜಿನ್ ನಿಮಿಷಕ್ಕೆ 3,400 ಸುತ್ತಿನ ಹತ್ತಿರ ಕಿರುಚುತ್ತಿತ್ತು. "ಇದೇನ್ರೀ, ಹಿಟ್ಟಿನ ಗಿರಣಿಯೊಳಗೆ ಕೂತ ಹಾಗಿದೆ" ಅಂದಳು ಹೆಂಡತಿ. ನನ್ನ ಗೇರ್‌ಬಾಕ್ಸ್ ಹುಚ್ಚು ಶುರುವಾಗಿದ್ದು ಆ ಮಾತಿನಿಂದ.

ಮಿಷಿಗನ್‌ನಲ್ಲಿ ಕಾರು ಕಂಪನಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಬಹಳ ಮಂದಿ. ಆಗಸ್ಟ್ ತಿಂಗಳಲ್ಲಿ ವುಡ್‌ವರ್ಡ್ ರಸ್ತೆಯ ಉದ್ದಕ್ಕೂ ಹಳೇ ಕಾರುಗಳ ಮೆರವಣಿಗೆ ನಡೆಯುತ್ತದೆ, 1995ರಿಂದ. ಅದನ್ನು ನೋಡಿ ಬಂದು "ನಾನೂ ಒಂದು ತಗೊಳ್ಳೋಣ ಅಂತಿದ್ದೀನಿ" ಅನ್ನುವ ಸ್ನೇಹಿತರು ಪ್ರತಿ ವರ್ಷ ಇಬ್ಬರಾದರೂ ಸಿಗುತ್ತಾರೆ. ತಗೊಂಡ ಮೇಲೆ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: ಯಾವ ಗೇರ್‌ಬಾಕ್ಸ್ ಒಳ್ಳೇದು? ಗೇರ್‌ಬಾಕ್ಸ್ ಒಂದನ್ನೇ ಹಿಡಿದುಕೊಂಡು ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಆಕ್ಸಲ್ ಗೇರು, ಟಯರಿನ ಅಳತೆ, ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕನ್ವರ್ಟರ್, ಇವೆಲ್ಲ ಸೇರಿ ಒಂದು ಜೋಡಣೆ. ಒಂದನ್ನು ಬದಲಿಸಿದರೆ ಉಳಿದದ್ದರ ಲೆಕ್ಕವೂ ಬದಲಾಗುತ್ತದೆ.

ಮೊದಲು ಲೆಕ್ಕ

ಒಂದು ಸುಲಭ ಸೂತ್ರ ಇದೆ. ಗಂಟೆಗೆ ಮೈಲಿ ವೇಗವನ್ನು ಆಕ್ಸಲ್ ಅನುಪಾತದಿಂದ ಗುಣಿಸಿ, 336ರಿಂದ ಗುಣಿಸಿ, ಟಯರಿನ ವ್ಯಾಸದ ಇಂಚಿನಿಂದ ಭಾಗಿಸಿ. ಟಾಪ್ ಗೇರ್ 1:1 ಇದ್ದಾಗ ಎಂಜಿನ್ ಎಷ್ಟು ಸುತ್ತುತ್ತದೆ ಅಂತ ಗೊತ್ತಾಗುತ್ತದೆ. ನನ್ನ ಕಾರಿಗೆ 26 ಇಂಚಿನ ಟಯರ್, 3.73 ಆಕ್ಸಲ್, 70 ಮೈಲಿ: 3,374. ನಾಲ್ಕನೇ ಗೇರ್ 0.70 ಇರುವ ಓವರ್‌ಡ್ರೈವ್ (ಎಂಜಿನ್ನಿಗಿಂತ ಶಾಫ್ಟ್ ಜೋರಾಗಿ ತಿರುಗುವ ಗೇರ್) ಹಾಕಿದರೆ ಅದು 2,362ಕ್ಕೆ ಇಳಿಯುತ್ತದೆ.

ಇನ್ನೊಂದು ಲೆಕ್ಕ ಇದೆ, ಜಾಸ್ತಿ ಜನ ಮಾಡುವುದೇ ಇಲ್ಲ. ಮೊದಲ ಗೇರನ್ನು ಆಕ್ಸಲ್ ಅನುಪಾತದಿಂದ ಗುಣಿಸಬೇಕು. ಕಾರು ನಿಂತಲ್ಲಿಂದ ಹೇಗೆ ಹೊರಡುತ್ತದೆ ಅನ್ನುವುದು ಆ ಗುಣಲಬ್ಧದಲ್ಲಿದೆ. ಟರ್ಬೊ 350ರ ಮೊದಲ ಗೇರ್ 2.52. 3.73 ಆಕ್ಸಲ್ ಜೊತೆ 9.40 ಆಗುತ್ತದೆ. 700ಆರ್4 ಅನ್ನುವ ನಾಲ್ಕು ಗೇರಿನ ಪೆಟ್ಟಿಗೆಯ ಮೊದಲ ಗೇರ್ 3.06. ಅದನ್ನು 3.08 ಆಕ್ಸಲ್ ಜೊತೆ ಹಾಕಿದರೆ 9.42. ಅಂದರೆ ಹೊರಡುವ ಜಿಗಿತ ಅದೇ. 70 ಮೈಲಿಗೆ ಎಂಜಿನ್ ಮಾತ್ರ 1,950ರಲ್ಲಿ ಗುನುಗುತ್ತಿರುತ್ತದೆ.

ಈ ಲೆಕ್ಕ ನಾನು ಮೊದಲೇ ಮಾಡಲಿಲ್ಲ. 700ಆರ್4 ಹಾಕಿ, ಆಕ್ಸಲ್ ಹಾಗೇ ಬಿಟ್ಟೆ. 3.06ಕ್ಕೆ 3.73 ಗುಣಿಸಿದರೆ 11.4. ಕಾರು ಚೌಕ ದಾಟುವಷ್ಟರಲ್ಲಿ ಮೊದಲ ಗೇರ್ ಮುಗಿದಿರುತ್ತಿತ್ತು. ಸ್ವಲ್ಪ ಮಳೆಯಾದರೆ ಟಯರ್ ನಿಂತಲ್ಲೇ ತಿರುಗುತ್ತಿತ್ತು. ಆಮೇಲೆ 3.08 ಹಾಕಿಸಿದೆ. ಎರಡು ಸಲ ದುಡ್ಡು ಕೊಟ್ಟೆ.

ಯಾವ್ಯಾವುದು, ಯಾರಿಗೆ

ಜನರಲ್ ಮೋಟಾರ್ಸ್ ಕಾರುಗಳನ್ನೇ ಮುಖ್ಯವಾಗಿ ಹೇಳುತ್ತೇನೆ. ಭಾಗಗಳು ಸುಲಭವಾಗಿ ಸಿಗುವುದು ಇವಕ್ಕೇ, ನನ್ನ ಕೈ ಕೊಳೆಯಾಗಿದ್ದೂ ಇವುಗಳಲ್ಲೇ.

ಪವರ್‌ಗ್ಲೈಡ್ ಬಂದದ್ದು 1950ರಲ್ಲಿ. ನಮಗೆ ಬೇಕಾದದ್ದು 1962ರಿಂದ 1973ರವರೆಗಿನ ಅಲ್ಯೂಮಿನಿಯಂ ಮೈಯದ್ದು. ಎರಡೇ ಗೇರ್: 1.76 ಅಥವಾ 1.82, ಆಮೇಲೆ ನೇರ. ಎರಡೇ ಗೇರಿನ ಹಳೇ ಪೆಟ್ಟಿಗೆಯನ್ನು ಡ್ರ್ಯಾಗ್ ಓಟಗಾರರು (ನೇರ ಪಟ್ಟಿಯಲ್ಲಿ ಕಾಲು ಮೈಲಿ ಓಡಿಸುವವರು) ಇನ್ನೂ ಯಾಕೆ ಹುಡುಕುತ್ತಾರೆ ಅಂತ ನನಗೂ ಮೊದಲು ಆಶ್ಚರ್ಯವಾಗಿತ್ತು. ಕಾರಣ ಸರಳ. ಹಗುರ, ಒಳಗೆ ತಿರುಗುವ ಭಾಗ ಕಡಿಮೆ, ಎಂಜಿನ್ನಿನ ಶಕ್ತಿ ತಿನ್ನುವುದೂ ಕಡಿಮೆ. ಕಾಲು ಮೈಲಿಯಲ್ಲಿ ಗೇರ್ ಬೀಳುವುದು ಒಂದೇ ಸಲ, ಹಾಗಾಗಿ ಪ್ರತಿ ಓಟದ ಸಮಯವೂ ಒಂದೇ ಥರ ಬರುತ್ತದೆ. ಹಗುರ ಕಾರು, ಸಿಕ್ಕಾಪಟ್ಟೆ ಟಾರ್ಕ್ (ತಿರುಗಿಸುವ ಬಲ) ಇರುವ ಎಂಜಿನ್ ಆದರೆ ದೊಡ್ಡ ಮೊದಲ ಗೇರ್ ಟಯರ್ ಸುಡಲಿಕ್ಕಷ್ಟೇ ಬರುತ್ತದೆ. ಆದರೆ ಒಂದೂವರೆ ಟನ್ ತೂಗುವ, ಸಾಧಾರಣ ಎಂಜಿನ್ನಿನ ರಸ್ತೆ ಕಾರಿಗೆ ಪವರ್‌ಗ್ಲೈಡ್ ಹಾಕಬೇಡಿ. ಡ್ರ್ಯಾಗ್ ಕಾರಿನ ಹೆಸರು ನೋಡಿ ಹಾಕಿಸಿಕೊಂಡವರು ಸುಮ್ನೆ ಎತ್ತಿನಗಾಡಿ ಮಾಡಿಕೊಂಡಿದ್ದಾರೆ.

ಟರ್ಬೊ 350 1969ರಿಂದ. 2.52, 1.52, 1.00. ಸಣ್ಣದು, ಅಗ್ಗ, ಹೆಚ್ಚಿನ ರಸ್ತೆ ಕಾರುಗಳಿಗೆ ಸಾಕು. ಪವರ್‌ಗ್ಲೈಡ್ ಇದ್ದ ಕಾರಿಗೆ ಇದನ್ನು ಹಾಕುವುದಂತೂ ಬಹಳ ಸುಲಭ. ಹಿಂದಿನ ಮೌಂಟ್ ಎರಡರದ್ದೂ ಒಂದೇ ಜಾಗದಲ್ಲಿದೆ, ಶಾಫ್ಟಿನ ಯೋಕ್ (ಗೇರ್‌ಬಾಕ್ಸಿನ ಬಾಲದೊಳಗೆ ಕೂರುವ ಹಲ್ಲಿನ ತುದಿ) ಕೂಡ ಅದೇ.

ಟರ್ಬೊ 400 1964ರದು. 2.48, 1.48, 1.00. ಇದು ಕೋಣ. ಎಷ್ಟು ಗಟ್ಟಿ ಅಂದರೆ ರೋಲ್ಸ್ ರಾಯ್ಸ್, ಜಾಗ್ವಾರ್, ಫೆರಾರಿಯವರೂ ಕೊಂಡು ಹಾಕಿಕೊಂಡರು. ನಮ್ಮ ಮನೆಯಿಂದ ಸ್ವಲ್ಪ ದೂರದ ವಿಲೋ ರನ್‌ನಲ್ಲಿ ಇದನ್ನು ತಯಾರಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬಿ-24 ಬಾಂಬರ್ ವಿಮಾನ ಮಾಡಿದ ಕಾರ್ಖಾನೆ ಅದು. 1953ರಲ್ಲಿ ಲಿವೋನಿಯಾದ ಹೈಡ್ರಮ್ಯಾಟಿಕ್ ಕಾರ್ಖಾನೆ ಬೆಂಕಿಗೆ ಹೋದಾಗ ಕೆಲಸ ಅಲ್ಲಿಗೆ ಬಂತು. ಬಿಗ್ ಬ್ಲಾಕ್ (ದೊಡ್ಡ ಮೈಯ ವಿ8) ಎಂಜಿನ್, ಭಾರದ ಕಾರು ಆದರೆ 400 ಹಾಕಿ. ಸಣ್ಣ ಎಂಜಿನ್ನಿಗೆ ಬೇಡ, ತಿರುಗಿಸಲಿಕ್ಕೇ ಶಕ್ತಿ ಜಾಸ್ತಿ ಬೇಕು.

ಓವರ್‌ಡ್ರೈವ್ ಬೇಕೆಂದರೆ ಎರಡು ದಾರಿ. 700ಆರ್4, 1982ರಿಂದ: 3.06, 1.63, 1.00, 0.70. ಇದರಲ್ಲಿ 1987ರಿಂದ ಈಚಿನದನ್ನೇ ಹುಡುಕಿ, ಒಳಗಿನ ಭಾಗ ಗಟ್ಟಿ ಮಾಡಿದ್ದಾರೆ. ಒಂದೇ ಬೇಜಾರು, ಮೊದಲ ಗೇರಿಗೂ ಎರಡನೆಯದಕ್ಕೂ ನಡುವೆ ದೊಡ್ಡ ಹಳ್ಳ. 5,500ಕ್ಕೆ ಗೇರ್ ಬಿದ್ದರೆ ಎಂಜಿನ್ 2,930ಕ್ಕೆ ಬೀಳುತ್ತದೆ. ಟರ್ಬೊ 350ರಲ್ಲಿ 3,317ಕ್ಕೆ. ಮೇಲುಗಡೆ ಮಾತ್ರ ಉಸಿರಾಡುವ ರೇಸ್ ಕ್ಯಾಮ್ (ಎಂಜಿನ್ನಿನ ವಾಲ್ವ್ ತೆರೆಸುವ ಶಾಫ್ಟ್) ಇದ್ದರೆ ಈ ಹಳ್ಳ ಚೆನ್ನಾಗಿ ಗೊತ್ತಾಗುತ್ತದೆ. ಇನ್ನೊಂದು 200-4ಆರ್, 1981ರಿಂದ 1990: 2.74, 1.57, 1.00, 0.67. ಬ್ಯೂಕ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಇದ್ದದ್ದು ಇದೇ. ಮೆಟ್ಟಿಲುಗಳು ನಯವಾಗಿವೆ. ಶೆವ್ರೊಲೆ ಎಂಜಿನ್ನಿಗೂ, ಬ್ಯೂಕ್-ಓಲ್ಡ್ಸ್-ಪಾಂಟಿಯಾಕ್ ಎಂಜಿನ್ನಿಗೂ ಕೂರುವಂತೆ ತೂತು ಕೊರೆದ ಮೈ ಸಿಗುತ್ತದೆ. ಈ ಎರಡು ಗುಂಪಿನ ಬೋಲ್ಟ್ ಜಾಗ ಬೇರೆ ಬೇರೆ, ಅದನ್ನು ಮರೆತು ಪಾಂಟಿಯಾಕ್‌ಗೆ ಶೆವಿ ಗೇರ್‌ಬಾಕ್ಸ್ ತಂದವರು ಉಂಟು.

ಕಂಪ್ಯೂಟರ್‌ನಿಂದ ನಡೆಯುವ 4ಎಲ್60ಇ, 4ಎಲ್80ಇ ಬಗ್ಗೆ ಜಾಸ್ತಿ ಹೇಳುವುದಿಲ್ಲ. 4ಎಲ್80ಇ ಅಂದರೆ ಟರ್ಬೊ 400ಕ್ಕೆ 0.75 ಓವರ್‌ಡ್ರೈವ್ ಸೇರಿಸಿದ ಹಾಗೆ, ದೊಡ್ಡ ಶಕ್ತಿಗೆ ಅದೇ ಸರಿ. ಕಾರ್ಬುರೇಟರ್ ಕಾರಿಗೆ ಹಾಕಿದರೆ ಪ್ರತ್ಯೇಕ ಕಂಟ್ರೋಲರ್ ಕೊಳ್ಳಬೇಕು.

ಫೋರ್ಡ್ ಇಟ್ಟುಕೊಂಡವರಿಗೆ: ಸಣ್ಣದು ಸಿ4, ದೊಡ್ಡದು ಸಿ6, ಓವರ್‌ಡ್ರೈವ್ ಬೇಕಿದ್ದರೆ 1980ರಿಂದ ಬಂದ ಎಒಡಿ. ಸಿ4ನಲ್ಲಿ ಆಯಿಲ್ ಕೊಳವೆ ಪ್ಯಾನಿಗೆ ಬರುವುದೂ ಇದೆ, ಮೈಗೆ ಬರುವುದೂ ಇದೆ. ಆ ಎರಡರ ಬೆಲ್‌ಹೌಸಿಂಗ್‌ಗಳು (ಎಂಜಿನ್ನಿಗೆ ಕೂರುವ ಗಂಟೆಯಾಕಾರದ ಮುಂಭಾಗ) ಅದಲುಬದಲಾಗುವುದಿಲ್ಲ. ಕ್ರೈಸ್ಲರ್‌ನವರಿಗೆ ಟಾರ್ಕ್‌ಫ್ಲೈಟ್: ಸಣ್ಣ ಎಂಜಿನ್ನಿಗೆ 904, ದೊಡ್ಡದಕ್ಕೆ 727.

ಕನ್ವರ್ಟರ್

ಎದುರುಬದುರು ಇಟ್ಟ ಎರಡು ಫ್ಯಾನ್, ನಡುವೆ ಗಾಳಿಯ ಬದಲು ಎಣ್ಣೆ. ಟಾರ್ಕ್ ಕನ್ವರ್ಟರ್ ಅಂದರೆ ಅಷ್ಟೇ. ಇದಕ್ಕೆ ಸ್ಟಾಲ್ ಅಂತ ಒಂದು ಸಂಖ್ಯೆ ಹೇಳುತ್ತಾರೆ. ಕಾರನ್ನು ಕದಲದಂತೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಎಲ್ಲಿವರೆಗೆ ಏರಿ ನಿಲ್ಲುತ್ತದೋ ಅದೇ ಸ್ಟಾಲ್. ಕ್ಯಾಮ್ ಬದಲಿಸದ ರಸ್ತೆ ಎಂಜಿನ್ನಿಗೆ 1,800ರಿಂದ 2,400 ಸಾಕು. ಸ್ವಲ್ಪ ದೊಡ್ಡ ಕ್ಯಾಮ್ ಇದ್ದರೆ 2,500ರಿಂದ 3,000. ಸ್ಟ್ರಿಪ್‌ಗೆ (ಡ್ರ್ಯಾಗ್ ಓಟದ ಪಟ್ಟಿಗೆ) ಮಾತ್ರ ಅಂತ ಕಟ್ಟಿದ ಕಾರಿಗೆ 4,000 ದಾಟುತ್ತದೆ.

ಡಬ್ಬದ ಮೇಲೆ ಬರೆದ ಸಂಖ್ಯೆ ಎಲ್ಲ ಕಾರಿಗೂ ಒಂದೇ ಅಲ್ಲ. ಟಾರ್ಕ್ ಜಾಸ್ತಿ ಇರುವ ಎಂಜಿನ್ನಿನ ಹಿಂದೆ ಅದೇ ಕನ್ವರ್ಟರ್ ಜಾಸ್ತಿ ಏರುತ್ತದೆ. ಹಾಗಾಗಿ ಕೊಳ್ಳುವಾಗ ಎಂಜಿನ್, ಕ್ಯಾಮ್, ಆಕ್ಸಲ್, ಟಯರ್, ಕಾರಿನ ತೂಕ, ಎಲ್ಲ ಹೇಳಿ. ಇವುಗಳಲ್ಲಿ ಒಂದನ್ನೂ ಕೇಳದೆ ಮಾರುವ ಅಂಗಡಿಯಿಂದ ವಾಪಸ್ ಬನ್ನಿ. ಸ್ಟಾಲ್ ಜಾಸ್ತಿ ಇದ್ದಷ್ಟೂ ಊರೊಳಗೆ ಜಾರುವುದು ಜಾಸ್ತಿ, ಬಿಸಿಯೂ ಜಾಸ್ತಿ. ಅದಕ್ಕೆ ರೇಡಿಯೇಟರ್ ಒಳಗಿನ ಕೂಲರ್ ಸಾಲದು, ಮುಂದೆ ಇನ್ನೊಂದು ಕೂಲರ್ ಬೇಕು.

ದುಡ್ಡು ಕೊಡುವ ಮುಂಚೆ ಟೇಪು ಹಿಡಿಯಿರಿ

ಗುಜರಿಯಲ್ಲಿ ಮಾರುವವನ ಮಾತು ನಂಬಬೇಡಿ, ಆಯಿಲ್ ಪ್ಯಾನ್ ನೋಡಿ. ಟರ್ಬೊ 350ರ ಪ್ಯಾನು ಚೌಕ, ಒಂದು ಮೂಲೆ ಕತ್ತರಿಸಿದ ಹಾಗೆ, 13 ಬೋಲ್ಟು. ಟರ್ಬೊ 400ದ್ದೂ 13 ಬೋಲ್ಟೇ, ಆದರೆ ಆಕಾರ ಅಂಕುಡೊಂಕು. ಪವರ್‌ಗ್ಲೈಡ್‌ಗೆ 14. 700ಆರ್4, 200-4ಆರ್ ಎರಡಕ್ಕೂ 16. ಡಿಪ್‌ಸ್ಟಿಕ್ ಎಳೆದು ಮೂಸಿ. ಎಣ್ಣೆ ಕೆಂಪಗಿದ್ದರೆ ಸರಿ, ಸೀದ ವಾಸನೆ ಬಂದರೆ ಕ್ಲಚ್ ಸುಟ್ಟಿದೆ ಅಂತಲೇ ತಿಳಿಯಿರಿ. ಬೆಲ್‌ಹೌಸಿಂಗಿನ ಕಿವಿಗಳಲ್ಲಿ ಬಿರುಕು ಇದೆಯಾ ಅಂತ ಬೆರಳಾಡಿಸಿ.

ಆಮೇಲೆ ನಿಮ್ಮ ಕಾರಿನ ಅಡಿಗೆ ಹೋಗಿ. ಎಂಜಿನ್ ಹಿಂಬದಿಯ ಮುಖದಿಂದ ಗೇರ್‌ಬಾಕ್ಸ್ ಮೌಂಟಿಗೆ ಟರ್ಬೊ 350 ಮತ್ತು ಪವರ್‌ಗ್ಲೈಡ್‌ನಲ್ಲಿ ಸುಮಾರು ಇಪ್ಪತ್ತೂವರೆ ಇಂಚು. 700ಆರ್4ನಲ್ಲಿ ಇಪ್ಪತ್ತೆರಡೂವರೆ. ಟರ್ಬೊ 400 ಮತ್ತು 200-4ಆರ್‌ನಲ್ಲಿ 27ರ ಆಸುಪಾಸು. ಅಂದರೆ ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿಯನ್ನು ಆ ವ್ಯತ್ಯಾಸದಷ್ಟು ಹಿಂದೆ ಸರಿಸಬೇಕು, ಇಲ್ಲವೇ ಬೇರೆಯದು ಕೊಳ್ಳಬೇಕು.

ಒಟ್ಟು ಉದ್ದವೂ ಹೀಗೇ. ಚಿಕ್ಕ ಬಾಲದ ಟರ್ಬೊ 350 ಸುಮಾರು 27.7 ಇಂಚು, 200-4ಆರ್ ಕೂಡ ಅಷ್ಟೇ. ಹಾಗಾಗಿ ಹಳೇ ಡ್ರೈವ್‌ಶಾಫ್ಟ್ ಹಾಗೇ ನಡೆಯುತ್ತದೆ. 700ಆರ್4 ಮೂರು ಇಂಚು ಉದ್ದ, ಶಾಫ್ಟನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಟರ್ಬೊ 350ರಲ್ಲೇ ಉದ್ದ ಬಾಲದವೂ ಇವೆ, ಅದಕ್ಕೇ ನನ್ನ ಸಂಖ್ಯೆಗಿಂತ ನಿಮ್ಮ ಟೇಪನ್ನು ನಂಬಿ. ಯೋಕ್: 350, ಪವರ್‌ಗ್ಲೈಡ್, 700ಆರ್4, 200-4ಆರ್ ಎಲ್ಲಕ್ಕೂ 27 ಹಲ್ಲು. 400ಕ್ಕೆ ಮಾತ್ರ 32.

ಎಂಜಿನ್ನಿಗೂ ಕನ್ವರ್ಟರಿಗೂ ನಡುವಿನ ತೆಳ್ಳನೆಯ ಹಲ್ಲಿನ ತಟ್ಟೆ, ಅಂದರೆ ಫ್ಲೆಕ್ಸ್‌ಪ್ಲೇಟಿನ ಹಲ್ಲೂ ಎಣಿಸಿ. 153 ಅಥವಾ 168 ಇರುತ್ತದೆ, ಸ್ಟಾರ್ಟರ್ ಅದಕ್ಕೆ ಹೊಂದಬೇಕು. 400 ಸ್ಮಾಲ್ ಬ್ಲಾಕ್, 454 ಬಿಗ್ ಬ್ಲಾಕ್ ಎಂಜಿನ್‌ಗಳ ಫ್ಲೆಕ್ಸ್‌ಪ್ಲೇಟಿಗೆ ತೂಕದ ತುಂಡು ಬೆಸೆದಿರುತ್ತದೆ. ಅವಕ್ಕೆ ತೂಕವಿಲ್ಲದ್ದನ್ನು ಹಾಕಿದರೆ ಕಾರು ಗಡಗಡ ನಡುಗುತ್ತದೆ.

ಹಳೆಯದನ್ನು ಇಳಿಸುವುದು

ಬ್ಯಾಟರಿ ತಂತಿ ತೆಗೆಯಿರಿ. ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ, ಗೇರ್‌ಬಾಕ್ಸ್ ಜಾಕಿನ ಮೇಲೆ ಕೂತಾಗಲೂ ಎಳೆದುಕೊಳ್ಳುವಷ್ಟು ಎತ್ತರಕ್ಕೆ ನಿಲ್ಲಿಸಿ. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಹೋಗಬೇಡಿ. ಟರ್ಬೊ 350 ಖಾಲಿಯಿದ್ದಾಗಲೇ ಸುಮಾರು 55 ಕಿಲೋ ತೂಗುತ್ತದೆ. ಗೇರ್‌ಬಾಕ್ಸ್ ಜಾಕ್ ಬಾಡಿಗೆಗೆ ಸಿಗುತ್ತದೆ, ಎದೆಯ ಮೇಲೆ ಇಳಿಸಿಕೊಳ್ಳುವ ಸಾಹಸ ಬೇಡ.

ಎಣ್ಣೆ ಸುರಿಸಿ. ಡ್ರೈವ್‌ಶಾಫ್ಟ್ ಬಿಚ್ಚುವ ಮುಂಚೆ ಅದರ ಮೇಲೂ ಆಕ್ಸಲ್ ಮೇಲೂ ಬಣ್ಣದಿಂದ ಗೆರೆ ಹಾಕಿ. ಸ್ಪೀಡೊಮೀಟರ್ ಕೇಬಲ್, ಗೇರ್ ಹಿಡಿಯ ಸರಳು, ವ್ಯಾಕ್ಯೂಮ್ ಪೈಪು, ಕಿಕ್‌ಡೌನ್ ಕೇಬಲ್, ಕೂಲರ್ ಕೊಳವೆಗಳು, ಒಂದೊಂದನ್ನೇ ಬಿಡಿಸಿ. ಬಿಡಿಸುವ ಮುಂಚೆ ಫೋಟೋ ತೆಗೆಯಿರಿ. ಕೂಲರ್ ಕೊಳವೆಯ ನಟ್ಟಿಗೆ ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ, ಕೊಳವೆ ನಟ್ಟಿಗೆಂದೇ ಬರುವ ಸ್ಪ್ಯಾನರ್ ಹಾಕಿ.

ಫ್ಲೆಕ್ಸ್‌ಪ್ಲೇಟಿನ ಕೆಳಗಿನ ತಗಡು ಮುಚ್ಚಳ ತೆಗೆದು, ಎಂಜಿನ್ ತಿರುಗಿಸುತ್ತಾ ಕನ್ವರ್ಟರಿನ ಮೂರು ಬೋಲ್ಟ್ ಬಿಚ್ಚಿ. ಎಂಜಿನ್ನಿನ ಆಯಿಲ್ ಪ್ಯಾನಿನ ಹಿಂಭಾಗಕ್ಕೆ ಮರದ ಹಲಗೆ ಕೊಟ್ಟು ಇನ್ನೊಂದು ಜಾಕ್ ಇಡಿ. ಒಂದು ವಿಷಯ ಮರೆಯಬೇಡಿ. ಶೆವಿ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಹಿಂದುಗಡೆ ಇದೆ. ಅಡ್ಡಪಟ್ಟಿ ತೆಗೆದಾಗ ಎಂಜಿನ್ ಹಿಂದಕ್ಕೆ ವಾಲಿ ಡಿಸ್ಟ್ರಿಬ್ಯೂಟರ್ ಮುಚ್ಚಳ ಫೈರ್‌ವಾಲಿಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆಗೆ) ತಾಗಿ ಒಡೆಯುತ್ತದೆ. ಮೊದಲೇ ಮುಚ್ಚಳ ಬಿಚ್ಚಿಟ್ಟರೆ ಆಯಿತು.

ಕಡೆಗೆ ಬೆಲ್‌ಹೌಸಿಂಗಿನ ಆರು ಬೋಲ್ಟು. ಮೇಲಿನ ಎರಡಕ್ಕೆ ಉದ್ದದ ಎಕ್ಸ್‌ಟೆನ್ಷನ್ ಬೇಕು. ಗೇರ್‌ಬಾಕ್ಸನ್ನು ನೇರ ಹಿಂದಕ್ಕೆ ಎಳೆಯಿರಿ, ಮುಂದಕ್ಕೆ ಬಾಗಿಸಬೇಡಿ. ಬಾಗಿದರೆ ಎಣ್ಣೆ ತುಂಬಿದ ಕನ್ವರ್ಟರ್ ಜಾರಿ ಕಾಲ ಮೇಲೆ ಬೀಳುತ್ತದೆ.

ಮೂರು ಸಲ ಟಕ್

ಇಡೀ ಕೆಲಸದ ಕಷ್ಟದ ಘಟ್ಟ ಇದು. ಹೊಸ ಕನ್ವರ್ಟರಿಗೆ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಎಣ್ಣೆ ಸುರಿದು, ಅದರ ಕುತ್ತಿಗೆಗೂ ಪಂಪಿನ ಸೀಲಿಗೂ ಎಣ್ಣೆ ಸವರಿ, ಗೇರ್‌ಬಾಕ್ಸಿನ ಶಾಫ್ಟಿಗೆ ಏರಿಸಿ. ಗೇರ್‌ಬಾಕ್ಸ್ ಬಾಲ ಕೆಳಗಾಗಿ, ಬಾಯಿ ಸ್ವಲ್ಪ ಮೇಲಾಗಿ ಇದ್ದರೆ ಸುಲಭ. ಎರಡೂ ಕೈಯಲ್ಲಿ ಹಿಡಿದು, ಒಳಕ್ಕೆ ತಳ್ಳುತ್ತಾ ನಿಧಾನ ತಿರುಗಿಸಿ. ಒಳಗೆ ಮೂರು ಕಡೆ ಹಲ್ಲು ಕೂಡಬೇಕು: ಒಳ ಶಾಫ್ಟಿನ ಹಲ್ಲು, ಸ್ಟೇಟರಿನ (ಎರಡು ಫ್ಯಾನಿನ ನಡುವಿನ ಚಕ್ರದ) ಹಲ್ಲು, ಕೊನೆಗೆ ಪಂಪಿನ ಎರಡು ಕಿವಿ. ಪ್ರತಿ ಸಲ ಟಕ್ ಅಂತ ಸದ್ದಾಗಿ ಕನ್ವರ್ಟರ್ ಅಷ್ಟಷ್ಟು ಒಳಗೆ ಇಳಿಯುತ್ತದೆ.

ನಾನು ಮೊದಲ ಸಲ ಮಾಡಿದಾಗ ಎರಡು ಟಕ್ ಕೇಳಿಸಿಕೊಂಡು ಕೂತಿತು ಅಂದುಕೊಂಡೆ. ಗೇರ್‌ಬಾಕ್ಸ್ ಏರಿಸಿದರೆ ಬೆಲ್‌ಹೌಸಿಂಗ್‌ಗೂ ಎಂಜಿನ್ನಿಗೂ ನಡುವೆ ಅರ್ಧ ಇಂಚು ಸಂದು. ರಾತ್ರಿ ಹನ್ನೊಂದಾಗಿತ್ತು. ಮಗ ಟಾರ್ಚ್ ಹಿಡಿದು ತೂಕಡಿಸುತ್ತಿದ್ದ. ಬೋಲ್ಟ್ ತಿರುಗಿಸಿದರೆ ತಾನೇ ಎಳೆದುಕೊಳ್ಳುತ್ತದೆ ಬಿಡು ಅಂದೆ. ಎಳೆದುಕೊಂಡಿತು. ಬೆಳಿಗ್ಗೆ ಎಂಜಿನ್ ಶುರು ಮಾಡಿದರೆ ಡಬ್ಬದಲ್ಲಿ ಮೊಳೆ ಹಾಕಿ ಕುಲುಕಿದ ಸದ್ದು. ಯಾವ ಗೇರಿಗೆ ಹಾಕಿದರೂ ಕಾರು ಕದಲಲಿಲ್ಲ. ಬಿಚ್ಚಿ ನೋಡಿದರೆ ಪಂಪಿನ ಗೇರಿನ ಒಂದು ಕಿವಿ ಮುರಿದು ಪ್ಯಾನಿನಲ್ಲಿ ಬಿದ್ದಿತ್ತು. "ಅಪ್ಪಾ, ನಿನ್ನೆ ಸಂದು ಇತ್ತಲ್ಲಾ" ಅಂದ ಮಗ. ಅದು ನನಗೂ ಗೊತ್ತಿತ್ತು.

ಆದ್ದರಿಂದ ಕೇಳಿಸಿದ ಸದ್ದನ್ನು ನಂಬಬೇಡಿ, ಅಳೆಯಿರಿ. ಬೆಲ್‌ಹೌಸಿಂಗಿನ ಮುಖಕ್ಕೆ ಅಡ್ಡವಾಗಿ ನೇರ ಪಟ್ಟಿ ಇಡಿ. ಪಟ್ಟಿಯಿಂದ ಕನ್ವರ್ಟರಿನ ಬೋಲ್ಟ್ ಕೂರುವ ಜಾಗಕ್ಕೆ ಶೆವಿ ಪೆಟ್ಟಿಗೆಗಳಲ್ಲಿ ಒಂದು ಇಂಚಿಗಿಂತ ಜಾಸ್ತಿ ಆಳ ಇರಬೇಕು. ಇಲ್ಲವಾದರೆ ಪೂರ್ತಿ ಹೊರಗೆ ತೆಗೆದು ಮತ್ತೆ ಶುರು ಮಾಡಿ.

ಏರಿಸುವುದು

ಜಾಕ್ ಏರಿಸಿ, ಎಂಜಿನ್ನಿನ ಎರಡು ಡೊವೆಲ್ ಪಿನ್ನಿಗೆ ಬೆಲ್‌ಹೌಸಿಂಗ್ ಕೂಡಿಸಿ. ಬರೀ ಕೈಯಿಂದ ತಳ್ಳಿದರೆ ಎರಡು ಮುಖ ಪೂರ್ತಿ ಕೂಡಬೇಕು. ಕೂಡಲಿಲ್ಲವಾದರೆ ಮೇಲಿನ ಕಥೆ ನೆನಪಿಸಿಕೊಳ್ಳಿ. ಕೂಡಿದ ಮೇಲೆ ಬೋಲ್ಟುಗಳನ್ನು 35 ಫುಟ್-ಪೌಂಡಿನ ಹತ್ತಿರ ಬಿಗಿ ಮಾಡಿ.

ಈಗ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು. ಅದಕ್ಕೂ ಫ್ಲೆಕ್ಸ್‌ಪ್ಲೇಟಿಗೂ ನಡುವೆ 1/8ರಿಂದ 3/16 ಇಂಚು, ಅಂದರೆ ಮೂರರಿಂದ ಐದು ಮಿಲಿಮೀಟರ್ ಸಂದು ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಮೂರು ಬೋಲ್ಟಿಗೂ ಒಂದೇ ದಪ್ಪದ ಗಟ್ಟಿ ವಾಷರ್ ಕೊಡಿ. ಸಂದೇ ಇಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ, ಎಂಜಿನ್ ಶುರು ಮಾಡಿದರೆ ಪಂಪ್ ಹೋಗುತ್ತದೆ. ಸರಿಯಿದ್ದರೆ ಕನ್ವರ್ಟರನ್ನು ಮುಂದಕ್ಕೆ ಎಳೆದು ಬೋಲ್ಟ್ ಹಾಕಿ.

ಡ್ರೈವ್‌ಶಾಫ್ಟ್ ಅಳತೆಯನ್ನು ಕಾರಿನ ಭಾರ ಚಕ್ರದ ಮೇಲಿರುವಾಗಲೇ ತೆಗೆಯಿರಿ. ಯೋಕ್ ಪೂರ್ತಿ ಒಳಕ್ಕೆ ಹೋಗಿ ತಾಗಿದ ಮೇಲೆ ಮುಕ್ಕಾಲರಿಂದ ಒಂದು ಇಂಚು ಹೊರಕ್ಕೆ ಎಳೆದಾಗ ಶಾಫ್ಟ್ ಕೂರುವಂತಿರಬೇಕು. ಹಳೇ ಗೇರ್‌ಬಾಕ್ಸ್ ಸುಟ್ಟಿದ್ದರೆ ಕೂಲರ್ ಒಳಗೆ ಅದರ ಬೂದಿ ಕೂತಿರುತ್ತದೆ. ಚೆನ್ನಾಗಿ ತೊಳೆಯಿರಿ, ಸಾಧ್ಯವಾದರೆ ಬದಲಿಸಿ. ಗೇರ್ ಪಾರ್ಕ್ ಅಥವಾ ನ್ಯೂಟ್ರಲ್‌ನಲ್ಲಿ ಇದ್ದಾಗ ಮಾತ್ರ ಸ್ಟಾರ್ಟರ್ ತಿರುಗುವಂತೆ ನ್ಯೂಟ್ರಲ್ ಸ್ವಿಚ್ ಜೋಡಿಸುವುದನ್ನು ಬಿಡಬೇಡಿ.

ಆ ಒಂದು ಕೇಬಲ್

ಟರ್ಬೊ 350ರಲ್ಲೂ ಕಾರ್ಬುರೇಟರಿನಿಂದ ಒಂದು ಕೇಬಲ್ ಬರುತ್ತದೆ, 700ಆರ್4ನಲ್ಲೂ ಬರುತ್ತದೆ. ನೋಡಲು ಒಂದೇ ಥರ. ಕೆಲಸ ಮಾತ್ರ ಬೇರೆಯೇ. 350ರಲ್ಲಿ ಅದು ಪೂರ್ತಿ ಒತ್ತಿದಾಗ ಗೇರ್ ಇಳಿಸಲು ಅಷ್ಟೇ. ಕಿತ್ತು ಹಾಕಿದರೂ ವ್ಯಾಕ್ಯೂಮ್ ಮಾಡ್ಯುಲೇಟರ್ (ಎಂಜಿನ್ನಿನ ಎಳೆತ ಅರಿಯುವ ಭಾಗ) ಮತ್ತು ಗವರ್ನರ್ (ಕಾರಿನ ವೇಗ ಅರಿಯುವ ಭಾಗ) ಸೇರಿ ಗೇರ್ ಬದಲಿಸುತ್ತಿರುತ್ತವೆ. 700ಆರ್4 ಮತ್ತು 200-4ಆರ್‌ನಲ್ಲಿ ಆ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ಲೇ ಒಳಗಿನ ಎಣ್ಣೆಯ ಒತ್ತಡವನ್ನು ಆಳುತ್ತದೆ. ಕೇಬಲ್ ಸಡಿಲ ಇದ್ದರೆ ಎಂಜಿನ್ ಜೋರಾಗಿ ಎಳೆಯುವಾಗಲೂ ಒತ್ತಡ ಕಮ್ಮಿ, ಕ್ಲಚ್ ಜಾರುತ್ತದೆ, ಸುಡುತ್ತದೆ. ಹೊಸದಾಗಿ ಕಟ್ಟಿದ ಪೆಟ್ಟಿಗೆ ಮೊದಲ ದಿನವೇ ಹೋದದ್ದನ್ನು ನೋಡಿದ್ದೇನೆ. ಕಾರಿನವರು ಕಟ್ಟಿದವನನ್ನು ಬೈಯುತ್ತಿದ್ದರು.

ಹೊಂದಿಸುವುದು ಹೀಗೆ. ಎಂಜಿನ್ ಆಫ್. ಕೇಬಲ್ಲಿನ ಹೊಂದಾಣಿಕೆ ತುದಿಯಲ್ಲಿ ಒಂದು ಗುಂಡಿ ಇದೆ, ಅದನ್ನು ಒತ್ತಿಕೊಂಡು ಜಾರುವ ಭಾಗವನ್ನು ಕಾರ್ಬುರೇಟರಿನಿಂದ ದೂರಕ್ಕೆ ಪೂರ್ತಿ ತಳ್ಳಿ, ಗುಂಡಿ ಬಿಡಿ. ಈಗ ಥ್ರಾಟಲನ್ನು ಕೊನೆತನಕ ತಿರುಗಿಸಿ. ಕಟಕಟ ಅಂತ ತಾನೇ ಮುಂದೆ ಬಂದು ನಿಲ್ಲುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಕೇಬಲ್ ಪೂರ್ತಿ ಎಳೆದಿರಬೇಕು, ಐಡಲ್‌ನಲ್ಲಿ ಬಿಟ್ಟಿರಬೇಕು. ಇದು ಆಕ್ಸಿಲರೇಟರ್ ಪೆಡಲಿನಿಂದಲೂ ಆಗುತ್ತದಾ ಅಂತ ಒಳಗೆ ಒಬ್ಬರನ್ನು ಕೂರಿಸಿ ಒತ್ತಿಸಿ ನೋಡಿ. ಕಾರ್ಪೆಟ್ ಅಡ್ಡ ಬಂದು ಪೆಡಲ್ ಮುಕ್ಕಾಲಿಗೇ ನಿಲ್ಲುವುದುಂಟು. ಬೇರೆ ಕಂಪನಿಯ ಕಾರ್ಬುರೇಟರ್ ಇದ್ದರೆ ಕೇಬಲ್ ಸಿಕ್ಕಿಸುವ ಜಾಗದ ತ್ರಿಜ್ಯವೇ ಬೇರೆ, ಅದಕ್ಕೆಂದೇ ಮಾಡಿದ ಬ್ರಾಕೆಟ್ ಕೊಳ್ಳಿ. ಒತ್ತಡದ ಗೇಜ್ ಹಾಕಿ ನೋಡಿದರೆ ಇನ್ನೂ ಒಳ್ಳೇದು.

ಈ ಓವರ್‌ಡ್ರೈವ್ ಪೆಟ್ಟಿಗೆಗಳಲ್ಲಿ ಲಾಕಪ್ ಕನ್ವರ್ಟರ್ (ಜಾರದಂತೆ ಒಳಗಿನ ಕ್ಲಚ್ ಹಿಡಿದುಕೊಳ್ಳುವಂಥದ್ದು) ಇದೆ. ಅದಕ್ಕೆ 12 ವೋಲ್ಟಿನ ತಂತಿ, ಬ್ರೇಕ್ ಒತ್ತಿದರೆ ಬಿಡುವ ಸ್ವಿಚ್ ಜೋಡಿಸಬೇಕು. ಲಾಕಪ್ ಇಲ್ಲದೆ ನಾಲ್ಕನೇ ಗೇರಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಕನ್ವರ್ಟರ್ ಜಾರುತ್ತಲೇ ಇರುತ್ತದೆ, ಎಣ್ಣೆ ಬಿಸಿಯಾಗುತ್ತದೆ.

ಸ್ಟ್ರಿಪ್‌ಗೆ ಹೋಗುವವರು

ಡ್ರ್ಯಾಗ್ ಓಟಕ್ಕೆ ಟ್ರಾನ್ಸ್‌ಬ್ರೇಕ್ ಅಂತ ಒಂದು ಸೌಲಭ್ಯ ಇದೆ. ಗುಂಡಿ ಒತ್ತಿ ಹಿಡಿದರೆ ಮೊದಲ ಗೇರ್, ರಿವರ್ಸ್ ಎರಡೂ ಒಟ್ಟಿಗೆ ಹಿಡಿದುಕೊಂಡು ಕಾರು ಕಂಬದ ಹಾಗೆ ನಿಲ್ಲುತ್ತದೆ. ಎಂಜಿನ್ ಸ್ಟಾಲ್‌ವರೆಗೆ ಏರಿಸಿಕೊಂಡು, ದೀಪ ಬಂದಾಗ ಗುಂಡಿ ಬಿಡುವುದು. ಆಕ್ಸಲ್, ಶಾಫ್ಟ್ ಅಷ್ಟು ಏಟು ತಡೆಯುತ್ತವಾ ನೋಡಿಕೊಂಡು ಹಾಕಿಸಿ. ಮ್ಯಾನುಯಲ್ ವಾಲ್ವ್‌ಬಾಡಿ (ಗೇರ್ ಬದಲಿಸಲು ಎಣ್ಣೆ ಹರಿಸುವ ಭಾಗ) ಹಾಕಿಸಿದರೆ ಗೇರ್ ನೀವೇ ಬದಲಿಸಬೇಕು. ಊರೊಳಗೆ ತರಕಾರಿಗೆ ಹೋಗುವ ಕಾರಿಗೆ ಅದು ತಲೆನೋವು.

ಟಾರ್ಕ್‌ಫ್ಲೈಟ್ 727 ಇರುವವರು ಒಂದು ಎಚ್ಚರಿಕೆ ಇಟ್ಟುಕೊಳ್ಳಿ. ಒಳಗಿನ ಒನ್-ವೇ ಕ್ಲಚ್ ಕೈಕೊಟ್ಟರೆ ಮುಂದಿನ ಡ್ರಮ್ ಎಂಜಿನ್ನಿಗಿಂತ ಎಷ್ಟೋ ಜೋರಾಗಿ ತಿರುಗಿ ಸಿಡಿಯುತ್ತದೆ. ಅದು ಇರುವ ಜಾಗ ನಿಮ್ಮ ಪಾದದ ಪಕ್ಕ. ರೇಸ್ ಮಾಡುವುದಾದರೆ ರಕ್ಷಾಕವಚ ಹಾಕಿಸಿ. ತುಂಬಾ ಬೇಗ ಓಡುವ ಕಾರಿಗೆ ಡ್ರ್ಯಾಗ್ ಓಟದ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ ಎಸ್‌ಎಫ್‌ಐ ಸುರಕ್ಷತಾ ಮುದ್ರೆಯ ಫ್ಲೆಕ್ಸ್‌ಪ್ಲೇಟ್, ಗೇರ್‌ಬಾಕ್ಸ್ ಕವಚ ಎರಡೂ ಕಡ್ಡಾಯ. ಆ ವರ್ಷದ ನಿಯಮ ಪುಸ್ತಕ ತೆಗೆದು ಓದಿಕೊಂಡೇ ಹೋಗಿ, ಗೇಟಿನಲ್ಲಿ ವಾಪಸ್ ಕಳಿಸಿದರೆ ಇಡೀ ಭಾನುವಾರ ಹಾಳು.

ಎಣ್ಣೆ, ಮೊದಲ ಓಟ

ಶುರು ಮಾಡುವ ಮುಂಚೆ ಐದು ಕ್ವಾರ್ಟ್ ಡೆಕ್ಸ್‌ರಾನ್ ಗೇರ್‌ಬಾಕ್ಸ್ ಎಣ್ಣೆ ಸುರಿಯಿರಿ. ಎಂಜಿನ್ ಶುರುವಾದ ಕೂಡಲೇ ಕನ್ವರ್ಟರ್ ಎಣ್ಣೆ ಎಳೆದುಕೊಳ್ಳುತ್ತದೆ, ಆಗ ನಿಲ್ಲಿಸದೆ ಇನ್ನೂ ಮೂರು ನಾಲ್ಕು ಹಾಕಿ. ಬ್ರೇಕ್ ಹಿಡಿದು ಎಲ್ಲ ಗೇರಿಗೂ ಒಮ್ಮೆ ಹಾಕಿ ತೆಗೆಯಿರಿ. ಕನ್ವರ್ಟರ್ ಖಾಲಿಯಿದ್ದರೆ ಒಟ್ಟು 10 ಕ್ವಾರ್ಟಿನ ಆಸುಪಾಸು ಹಿಡಿಯುತ್ತದೆ. ಕೊನೆಯ ಅಳತೆ ಎಣ್ಣೆ ಬಿಸಿಯಾದ ಮೇಲೆ, ಎಂಜಿನ್ ಓಡುತ್ತಿರುವಾಗಲೇ, ಪಾರ್ಕ್‌ನಲ್ಲಿ. ಟಾರ್ಕ್‌ಫ್ಲೈಟ್ ಆದರೆ ನ್ಯೂಟ್ರಲ್‌ನಲ್ಲಿ. ಜಾಸ್ತಿ ತುಂಬಬೇಡಿ, ನೊರೆ ಬರುತ್ತದೆ.

ಮೊದಲ ಓಟ ಮನೆಯ ಸುತ್ತಮುತ್ತ, ಮೆಲ್ಲಗೆ. ಟರ್ಬೊ 350, 400ರಲ್ಲಿ ಗೇರ್ ತಡವಾಗಿ, ಧಡಕ್ ಅಂತ ಬೀಳುತ್ತಿದ್ದರೆ ವ್ಯಾಕ್ಯೂಮ್ ಪೈಪು ನೋಡಿ. ಬಿರುಕು ಬಿಟ್ಟಿರಬಹುದು, ಇಲ್ಲವೇ ಕಾರ್ಬುರೇಟರಿನ ತಪ್ಪು ಮೂತಿಗೆ ಸಿಕ್ಕಿಸಿರಬಹುದು. ಎಂಜಿನ್ ಓಡುವಾಗಲೆಲ್ಲ ಎಳೆತ ಇರುವ ಮ್ಯಾನಿಫೋಲ್ಡ್ ಮೂತಿಯೇ ಬೇಕು. ಸೈಲೆನ್ಸರ್‌ನಿಂದ ಬಿಳಿ ಹೊಗೆ ಬಂದು ಎಣ್ಣೆಯೂ ಕಮ್ಮಿಯಾಗುತ್ತಿದ್ದರೆ ಪೈಪನ್ನು ಮಾಡ್ಯುಲೇಟರಿನಿಂದ ಕಿತ್ತು ಒಳಗೆ ನೋಡಿ. ಅಲ್ಲಿ ಕೆಂಪೆಣ್ಣೆ ಇದ್ದರೆ ಮಾಡ್ಯುಲೇಟರಿನ ಪರದೆ ಹರಿದಿದೆ, ಎಂಜಿನ್ ಗೇರ್‌ಬಾಕ್ಸಿನ ಎಣ್ಣೆ ಕುಡಿಯುತ್ತಿದೆ. ಮಾಡ್ಯುಲೇಟರ್ ಒಂದನ್ನು ಬದಲಿಸಿದರೆ ಸಾಕು. ಇದು ಗೊತ್ತಿಲ್ಲದೆ ಎಂಜಿನ್ ಬಿಚ್ಚಿಸಿದವರಿದ್ದಾರೆ.

ಆ ರಾತ್ರಿ ಕಾರಿನ ಅಡಿ ಒಂದು ರಟ್ಟು ಹಾಸಿಟ್ಟು, ಮನೆಯೊಳಗೆ ಹೋಗಿ ಮಲಗಿ. ಬೆಳಿಗ್ಗೆ ಎಲ್ಲಿ ಕೆಂಪು ಹನಿ ಬಿದ್ದಿದೆಯೋ ಅದರ ಮೇಲಿನ ಜೋಡಣೆ ಮತ್ತೆ ಬಿಗಿ ಮಾಡಿ. 500 ಮೈಲಿ ಓಡಿಸಿದ ಮೇಲೆ ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸಿ. ಪ್ಯಾನಿನ ತಳದಲ್ಲಿ ತೆಳ್ಳಗೆ ಬೂದು ಬಣ್ಣದ ಕೆಸರು ಕಂಡರೆ ಹೆದರಬೇಡಿ, ಹೊಸ ಕ್ಲಚ್ ಸವೆದು ಕೂರುವಾಗ ಬರುವುದು ಅದು. ಬೆರಳಿಗೆ ಚುಚ್ಚುವ ಹಿತ್ತಾಳೆ ಚೂರು, ಕಬ್ಬಿಣದ ತುಂಡು ಸಿಕ್ಕಿದರೆ ಮಾತ್ರ ಜಾಕ್ ಮತ್ತೆ ಬಾಡಿಗೆಗೆ ತನ್ನಿ.